ಸಮುದ್ರದಾಗಿನ ಸವತಿ

ನನ್ನ ಅತ್ತಿಗೆ ಪಾರ್ವತೆಮ್ಮನಿಗೆ ಒಬ್ಬ ಸವತಿ ಇದ್ದಾಳೆ. ಮುಂಬೈಯಿಂದಾಚೆ, ಸಮುದ್ರದ ನಡುವೆ, ಕಬ್ಬಿಣದ ಕಾಲು ಊರಿಕೊಂಡು ನಿಂತಿದ್ದಾಳೆ. ನೆಲದಡಿಯ ಎಣ್ಣೆ, ಗ್ಯಾಸು ತೆಗೆಯುವ ಬಾವಿ ಅದು. ನನ್ನ ಅಣ್ಣ ಗದ್ದೆಪ್ಪ ಅದರ ಮೇಲೆ ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಕಬ್ಬಿಣದ ಕಟ್ಟಡವನ್ನು ಸವತಿ ಎನ್ನುವ ಹೆಂಗಸು ನಮ್ಮ ಗೊರೇಬಾಳದಲ್ಲಿ ಇವಳೊಬ್ಬಳೇ. ಅವಳ ಬಾಯಿಗೆ ಎದುರು ನಿಲ್ಲುವವರೂ ಕಡಿಮೆ. ನಾನು ನಿಲ್ಲುತ್ತೇನೆ. ಅದೇ ಊರಿಗೆ ಕೊಟ್ಟ ನಾದಿನಿ, ಹಿತ್ತಲಿಗೆ ಹಿತ್ತಲು ಹತ್ತಿದ ಮನೆ, ಅಷ್ಟೂ ಮಾಡದಿದ್ದರೆ ಭಾಗ್ಯ ಎಂಬ ಹೆಸರಿಟ್ಟುಕೊಂಡು ಏನು ಉಪಯೋಗ?

ಆ ಮದುವೆಯಾದದ್ದೇ ಒಂದು ಮಾತಿನ ಎಡವಟ್ಟಿನಿಂದ. ಹೆಣ್ಣು ನೋಡಲು ಸಂತೆಕಲ್ಲೂರಿಗೆ ಹೋದಾಗ ನಮ್ಮವ್ವ ಹೆಮ್ಮೆಯಿಂದ ಹೇಳಿದಳು: "ಹುಡುಗ ಮುಂಬೈಯಾಗ ಎಣ್ಣಿ ಕೆಲ್ಸ ಮಾಡ್ತಾನ್ರಿ." ನಮ್ಮ ಕಾಲುವೆ ಸೀಮೆಯಲ್ಲಿ ಎಣ್ಣಿ ಎಂದರೆ ಏನೆಂದು ಹೇಳುವುದು? ಭತ್ತಕ್ಕೆ ಹೊಡೆಯುವ ಔಷಧಿಯೂ ಎಣ್ಣಿ, ಸಂಜೆ ಗಂಡಸರು ಗಂಟಲಿಗೆ ಸುರಿದುಕೊಳ್ಳುವುದೂ ಎಣ್ಣಿ. ಸಂತೆಕಲ್ಲೂರಿನವರು ಜೋಳ, ಕುಸುಬಿ ಬೆಳೆಯುವ ಒಣಭೂಮಿಯ ಜನ. ಅವರ ಎಣ್ಣಿ ಕುಸುಬಿ ಎಣ್ಣಿ. ಹುಡುಗ ದೊಡ್ಡ ಎಣ್ಣೆ ಮಿಲ್ಲಿನಲ್ಲಿದ್ದಾನೆ ಎಂದುಕೊಂಡರು. ಹೆಣ್ಣಿನ ಅಪ್ಪ ಆಸೆಯಿಂದ ಕೇಳಿಯೇಬಿಟ್ಟ: "ದನಕ್ಕ ಹಿಂಡಿ ಸಿಗತೈತೇನ್ರಿ?" ನಮ್ಮವ್ವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಮದುವೆ ಮುರಿಯಬಾರದಲ್ಲ, "ಎಲ್ಲಾ ಸಿಗತೈತ್ರಿ" ಎಂದಳು.

ಮದುವೆಯಾದ ಮೇಲೆ ಅಣ್ಣ ಮೊಬೈಲಿನಲ್ಲಿ ಫೋಟೋ ತೋರಿಸಿದ. ಕಿತ್ತಳೆ ಬಣ್ಣದ ಅಂಗಿ, ಹೆಲಿಕಾಪ್ಟರು, ಸುತ್ತ ಬರೀ ನೀರು.

"ಮಿಲ್ಲು ಎಲ್ಲೈತ್ರಿ?" ಎಂದಳು ಮದುಮಗಳು.

"ಇದ ಮಿಲ್ಲು."

ಅವಳು ಅಂದು ಊಟ ಬಿಟ್ಟಳು. ಅಣ್ಣ ಅಲ್ಲಿ ಒಂದಿಷ್ಟು ದಿನ, ಇಲ್ಲಿ ಒಂದಿಷ್ಟು ದಿನ. ಮೊದಲ ಸಲ ಬ್ಯಾಗು ಹೆಗಲಿಗೇರಿಸಿ ಹೊರಟಾಗ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು: "ತಿಂಗಳೊಪ್ಪತ್ತು ಅಕಿ ಹಂತ್ಯಾಕ, ತಿಂಗಳೊಪ್ಪತ್ತು ನನ್ನ ಹಂತ್ಯಾಕ. ಇದಕ್ಕ ಸವತಿ ಅನ್ನದ ಮತ್ತೇನಂತಾರ?" ಓಣಿ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ.

ಆಮೇಲೆ ಶುರುವಾಯಿತು ಅವಳ ಕಟ್ಟುಪಾಡು. ಸವತಿ ಮನೆಯ ಸಾಮಾನು ತನ್ನ ಮನೆ ಹೊಸ್ತಿಲು ದಾಟಬಾರದು. ಗ್ಯಾಸ್ ಸಿಲಿಂಡರ್ ಅಂಗಳಕ್ಕೆ ಉರುಳಿತು, ಕಟ್ಟಿಗೆ ಒಲೆ ಹತ್ತಿತು, ಆ ಹೊಗೆಯೆಲ್ಲ ನನ್ನ ಹಿತ್ತಲಿಗೆ ಬಂತು. ಪ್ಲಾಸ್ಟಿಕ್ಕೂ ಆ ಎಣ್ಣೆಯಿಂದಲೇ ಆಗುತ್ತದೆಂದು ಕೇಳಿ, ಪ್ಲಾಸ್ಟಿಕ್ ಕೊಡಗಳನ್ನು ಪಕ್ಕದ ಮನೆಯ ಪೀರ್‌ಬೀಗೆ ಕೊಟ್ಟಳು. ಪೀರ್‌ಬೀ ಗಂಡನಿಲ್ಲದ ಹೆಂಗಸು, ಕೂಲಿ ಮಾಡಿ ಬದುಕುವವಳು, ಬಂದದ್ದನ್ನು ಬೇಡವೆನ್ನುವ ಪೈಕಿಯಲ್ಲ. "ನಿನ್ನ ಸವತಿ ಛಲೋ ಅದಾಳ ಪಾರ್ವತಿ, ಇನ್ನೂ ಏನರ ಕೊಟ್ಟಿದ್ರ ತಾ" ಎಂದು ನಗುತ್ತ ಹೊತ್ತುಕೊಂಡು ಹೋದಳು.

ನನಗೆ ಮೈಯುರಿದುಹೋಗುತ್ತಿತ್ತು. ಒಂದು ದಿನ ಅವಳು ಸಿಂಧನೂರಿಗೆ ಹೊರಟು ನಿಂತಾಗ ಕೆಣಕಿದೆ. "ಕಾಲಾಗಿನ ಚಪ್ಪಲಿ ಎಲ್ಲಿಂದು ಅತ್ತಿಗಿ? ಉಟ್ಟ ಪಾಲಿಸ್ಟರ್ ಸೀರಿ ಎಲ್ಲಿಂದು? ಎಲ್ಲಾ ಅಕಿ ಮನೀದ. ಬಸ್ಸು ಹತ್ತಿದಿ ಅಂದ್ರ ಸವತಿ ಹೆಗಲ ಮ್ಯಾಲ ಹತ್ತಿದಂಗ."

"ಹತ್ತತೀನಿ. ಅಕಿನ್ನ ತುಳಕೋತನ ಹೋಗತೀನಿ" ಎಂದು ಬಸ್ಸಿನ ಮೆಟ್ಟಿಲನ್ನು ನಿಜವಾಗಿಯೂ ಒದ್ದು ಹತ್ತಿದಳು. ಕಂಡಕ್ಟರ್ ಮಿಕಿಮಿಕಿ ನೋಡಿದ.

ಹೊಲದಲ್ಲಿ ಮಾತ್ರ ಅವಳ ಆಟ ನಡೆಯಲಿಲ್ಲ. ಯೂರಿಯಾ ಗೊಬ್ಬರವನ್ನೂ ಗ್ಯಾಸಿನಿಂದಲೇ ಮಾಡುತ್ತಾರೆಂದು ಅಣ್ಣನೇ ಬಾಯಿ ತಪ್ಪಿ ಹೇಳಿದ್ದ. ಆ ವರ್ಷ ಬರೀ ತಿಪ್ಪೆಗೊಬ್ಬರ ಹಾಕಿದಳು, ಭತ್ತ ಮೊಣಕಾಲುದ್ದ ಬಂತು. ಮರುವರ್ಷ ಯೂರಿಯಾ ಚೀಲಕ್ಕೆ ಬೈಯುತ್ತ ಬೈಯುತ್ತ ಎರಚಿದಳು. ಟ್ರ್ಯಾಕ್ಟರ್ ಬೇಡವೆಂದರೆ ಎತ್ತು ಎಲ್ಲಿವೆ? ಗೊರೇಬಾಳದಲ್ಲಿ ಈಗ ಎತ್ತು ನೋಡಬೇಕೆಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಗೇ ಹೋಗಬೇಕು. ಹಾಗಾಗಿ ಟ್ರ್ಯಾಕ್ಟರ್ ಮುಂದೆ, ಬೈಗುಳ ಹಿಂದೆ. ಅವರ ಒಬ್ಬಳೇ ಮಗಳು ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಪುಣ್ಯವಂತೆ, ಇದನ್ನೆಲ್ಲ ಕೇಳುವುದು ತಪ್ಪಿತು.

ಅಣ್ಣ ರಜೆಗೆ ಬಂದಾಗಲೆಲ್ಲ ಇದೇ ಜಗಳ. ಅತ್ತಿಗೆಯದು ಸಿಟ್ಟಿಲ್ಲದಾಗ "ರೀ", ಸಿಟ್ಟು ಬಂದರೆ "ನೀ".

"ಬಿಸಿಲಿನಾಗ ಕರೆಂಟ್ ಮಾಡಾಕತ್ಯಾರಂತ, ಗಾಳ್ಯಾಗ ಮಾಡಾಕತ್ಯಾರಂತ. ಇನ್ನೂ ಯಾಕ ಸಮುದ್ರ ಕೆದರತೀರಿ ನೀವು? ಯಾಕ ಹೋಗತಿ ನೀ?"

ಅಣ್ಣ ಸಾವಕಾಶ ಹೇಳುತ್ತಿದ್ದ. "ಬೈಕ್ ಓಡಬಹುದು, ಪಂಪ್ ಓಡಬಹುದು. ಕೊಯ್ಯೋ ಮಷಿನ್‌ಗೆ ವೈರ್ ಹಚ್ಚತೀಯೇನು? ಬಿಸಿಲು ಹಿಂಡಿದ್ರ ಯೂರಿಯಾ ಬೀಳತೈತೇನು? ನೆಲದ ಮ್ಯಾಲಿನ ಹಳೇ ಬಾವಿ ಬತ್ತಾಕತ್ಯಾವ, ಸಮುದ್ರದಾಗ ಇನ್ನೂ ಐತಿ. ಅಲ್ಲಿ ತೋಡಿದ್ರ ಹೊಲ ಹೋತು, ಮನಿ ಹೋತು ಅಂತ ಧರಣಿ ಕೂಡೋರು ಇಲ್ಲ. ಯಾರ ಕಣ್ಣಿಗೂ ಬೀಳಂಗಿಲ್ಲ. ಕಣ್ಣಿಗೆ ಬೀಳದ್ದನ್ನ ಯಾರು ಬಿಡತಾರ?"

"ನನ್ನ ಕಣ್ಣಿಗೆ ಬೀಳತೈತಿ."

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಊರಿನ ಗದ್ದೆಯ ನಡುವೆ ಹಾಗೊಂದು ಬಾವಿ ಕೊರೆದು, ಅದು ಬೇಡದ ಗ್ಯಾಸು ಸುಡುತ್ತ ದಿನವಿಡೀ ಬೆಂಕಿ ಉಗುಳಿದ್ದರೆ ಪಂಪಾಪತಿಯಂಥ ಗೌಡಿಕೆಯವರು ಎಂದೋ ರಸ್ತೆಗಿಳಿಯುತ್ತಿದ್ದರು. ದೂರದ ನೀರಿನಲ್ಲಿ ಯಾರದೋ ಗಂಡ ಉರಿದರೆ ಇವರಿಗೇನು?

ಹೋದ ಬೇಸಿಗೆಯಲ್ಲಿ ಅದೂ ಆಯಿತು. ಪೈಪೊಂದು ಸಿಡಿಯಿತು. ಅಣ್ಣನ ಪಕ್ಕದಲ್ಲಿದ್ದ ಒಡಿಶಾದ ಹುಡುಗ ಸತ್ತ. ಅಣ್ಣನ ಎಡಗಿವಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಆಸ್ಪತ್ರೆಯಿಂದ ನೇರ ಊರಿಗೆ ಬಂದ. ಅತ್ತಿಗೆ ಅವನ ಎರಡೂ ಕೈ ಹಿಡಿದು ಕೇಳಿದಳು: "ಇನ್ನ ಹೋಗಂಗಿಲ್ಲ ಅನ್ರಿ. ನನ್ನ ಮ್ಯಾಲ ಆಣಿ ಮಾಡ್ರಿ." ಅಣ್ಣ ಹೂಂ ಎಂದು ತಲೆಯಾಡಿಸಿದ. ಅವತ್ತು ಕಟ್ಟಿಗೆ ಒಲೆಯ ಮೇಲೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. "ಅಕಿ ಕಡಿಂದ ಬಿಡಿಸಿಕೊಂಡು ಬಂದೀನಿ, ತಿನ್ರಿ" ಎಂದಳು. ಹೊಟ್ಟೆಗಿಷ್ಟು ಹೋಳಿಗೆ ಬಿದ್ದದ್ದಕ್ಕೆ ಓಣಿಯವರು ಹೌದೌದು ಎಂದರು.

ಅಣ್ಣ ಸಿಂಧನೂರಿನ ಒಂದು ವೆಲ್ಡಿಂಗ್ ಅಂಗಡಿಗೆ ಸೇರಿದ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿಗಳನ್ನು ಬೆಸೆಯುವ ಕೆಲಸ. ಹೋಗುತ್ತಿದ್ದ, ಬರುತ್ತಿದ್ದ, ಮಾತಿಲ್ಲ, ಕತೆಯಿಲ್ಲ. ಮನೆಯಲ್ಲಿ ಮಲಗಿದರೆ ನಿದ್ದೆ ಇಲ್ಲ. ಕಾಲುವೆ ದಂಡೆಯಲ್ಲಿ ಪಂಪಾಪತಿಯ ಡೀಸೆಲ್ ಎಂಜಿನ್ ಮೇಲಿನ ಗದ್ದೆಗೆ ನೀರೆತ್ತುತ್ತಿತ್ತು. ಹೊರಸು ಹೊತ್ತುಕೊಂಡು ಹೋಗಿ ಅದರ ಪಕ್ಕದಲ್ಲೇ ಮಲಗುತ್ತಿದ್ದ. ಆ ಡಬಡಬ ಸದ್ದಿನಲ್ಲಿ ಅವನಿಗೆ ಗೊರಕೆ. ಹೆಂಡತಿ ಬೆಳೆ ಕಾಯಲು ಹೋಗಿದ್ದಾನೆಂದು ತಿಳಿದಳು. "ಅಣ್ಣಗ ತಲಿ ಕೆಟ್ಟೈತಿ, ಯಾರಿಗರ ತೋರಿಸು" ಎಂದು ನಾನು ಹೇಳಿದೆ. "ನಿನ್ನ ಬಾಯಾಗ ಮಣ್ಣ ಹಾಕ" ಎಂದು ಬೈಸಿಕೊಂಡೆ.

ಭತ್ತ ಬಂಗಾರದ ಬಣ್ಣಕ್ಕೆ ತಿರುಗಿದ ಹೊತ್ತಿಗೆ ಟ್ಯಾಂಕರಿನವರು ಮುಷ್ಕರ ಹೂಡಿದರು. ಸಿಂಧನೂರಿನ ಬಂಕುಗಳಿಗೆ ಹಗ್ಗ ಬಿಗಿದರು. ಮಸ್ಕಿಗೆ ಓಡಿದವರು ಬರಿಗೈಯಲ್ಲಿ ಬಂದರು. ತಮಿಳುನಾಡಿನಿಂದ ಬಂದಿದ್ದ ಕೊಯ್ಯುವ ಮಷಿನ್ನುಗಳು ರಸ್ತೆ ಪಕ್ಕದಲ್ಲಿ ನಿಂತವು. ಮೇಲೆ ಮೋಡ ಕಟ್ಟುತ್ತಿತ್ತು. ಟಿವಿಯವರು ಚಂಡಮಾರುತ, ಚಂಡಮಾರುತ ಎಂದು ಬಡಕೊಳ್ಳುತ್ತಿದ್ದರು. ಭತ್ತ ಬಲಿತು ನಿಂತಾಗ ಮಳೆ ಹೊಡೆದರೆ ತೆನೆಯೆಲ್ಲ ಕೆಸರಿನ ಪಾಲು.

ಆಗ ನಮ್ಮ ಊರಿನ ಬುದ್ಧಿವಂತರು ಏನು ಮಾಡಿದರು ಗೊತ್ತೇ? ಖಾಲಿ ಕ್ಯಾನು ಹಿಡಿದುಕೊಂಡು ಗದ್ದೆಪ್ಪನ ಅಂಗಳಕ್ಕೆ ಬಂದರು! ಮುಂದೆ ಪಂಪಾಪತಿ, ಹಿಂದೆ ಒಂದು ಹಿಂಡು. ಮೊದಲು ನಗೆಚಾಟಿಕೆ.

"ಗದ್ದೆಪ್ಪಾ, ನೀ ಇಲ್ಲಿ ಕುಂತಿ ಅಂತನ ಎಣ್ಣಿ ನಿಂತೈತಲೇ. ಅಲ್ಲಿ ತಗಿಯೋರು ಯಾರದಾರ?"

ಅಣ್ಣ ಬಲಗಿವಿಯನ್ನು ಅತ್ತ ತಿರುಗಿಸಿದ. ಪಂಪಾಪತಿ ದನಿ ಏರಿಸಿದ, ಕಿವುಡನಿಗೆ ಕೇಳಲಿ ಎಂದೋ, ಸಿಟ್ಟಿನಿಂದಲೋ. "ಚ್ಯಾಷ್ಟಿ ಅಲ್ಲಪ. ನಿಮ್ಮ ಸಾಹೇಬಗ ಒಂದು ಫೋನ್ ಹಚ್ಚು. ಸಿಂಧನೂರಿಗೆ ಒಂದ ಒಂದು ಟ್ಯಾಂಕರ್ ಬಿಡ್ರಿ ಅನ್ನು. ಇಷ್ಟು ವರ್ಷ ದುಡದೀದಿ, ನಿನ್ನ ಮಾತು ಕೇಳಂಗಿಲ್ಲೇನು?"

"ಎಣ್ಣಿ ನಮ್ಮಪ್ಪಂದಲ್ರಿ. ನಾ ಪೈಪ್ ಬೆಸಿಯಾವ."

"ಹಂಗಾದ್ರ ಹೋಗಿ ಬೆಸಿಯಪಾ. ಮನ್ಯಾಗ ಕುಂತು ಏನ್ ಮಾಡ್ತಿ?" ಹಿಂದಿನಿಂದ ಯಾರೋ ಒಬ್ಬ ಹೇಳಿದ: "ಕಿವಿ ಹೋದ್ರ ಹೋತು, ಕೈ ಛಲೋ ಅದಾವಲ್ಲ."

ಅಷ್ಟೇ. ಒಳಗಿನಿಂದ ಅತ್ತಿಗೆ ಬಂದಳು, ಕೈಯಲ್ಲಿ ಉರಿಯುವ ಕೊಳ್ಳಿ. ಪಂಪಾಪತಿಯ ಕ್ಯಾನನ್ನು ಒದ್ದಳು, ಅದು ಡಬಡಬ ಉರುಳಿ ಚರಂಡಿಗೆ ಬಿತ್ತು.

"ಯಾವನಲೇ ಅಂವ ಅಂದಾವ? ಮುಂದ ಬಾ! ನಿಮ್ಮ ಡಬ್ಬಿ ತುಂಬಾಕ ನನ್ನ ಗಂಡ ಇನ್ನೊಂದು ಕಿವಿ ಕೊಡಬೇಕೇನು? ಆ ಪರದೇಶಿ ಹುಡುಗ ಸುಟ್ಟು ಸತ್ತನಲ್ಲ, ಅವಾಗ ನಿಮ್ಮ ಕ್ಯಾನ್ ಎಲ್ಲಿದ್ವು? ಕೈ ಇಲ್ಲೇನು ನಿಮಗ? ಕುಡಗೋಲು ಇಲ್ಲೇನು ಮನ್ಯಾಗ? ಕೊಯ್ರಿ ಹೋಗಿ!"

ಪಂಪಾಪತಿ ಕೊಳ್ಳಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಮೀಸೆಯೊಳಗೆ ನಕ್ಕ. "ನೀ ಮೊದಲು ನಿಂದು ಕೊಯ್ಯವ್ವಾ, ನೋಡೋಣು."

"ಕೊಯ್ತೀನಿ. ಬಂದು ನೋಡು."

ಬಾಯಿಗೆ ಬಂದದ್ದನ್ನು ಆಡಿ ಒಳಗೆ ಹೋಗುವ ಹೆಂಗಸಲ್ಲ ಅವಳು. ತವರಿನಲ್ಲಿ ಜೋಳ ಕೊಯ್ದ ಕೈ. ಮರುದಿನ ಬೆಳಿಗ್ಗೆ ಕುಡುಗೋಲು ಮಸೆದು ತನ್ನ ಎರಡೆಕರೆಗೆ ಇಳಿದಳು. ಪೀರ್‌ಬೀ ತಾನಾಗಿ ಬಂದಳು. ನನ್ನನ್ನು ಅತ್ತಿಗೆ, ಜುಟ್ಟು ಹಿಡಿಯುವುದೊಂದು ಬಾಕಿ, ಎಳೆದುಕೊಂಡೇ ಹೋದಳು. ಅಣ್ಣನೂ ಬಂದ.

ಕೈಯಿಂದ ಭತ್ತ ಕೊಯ್ದು ಎಷ್ಟು ಕಾಲವಾಗಿತ್ತು ನಮ್ಮ ಕಡೆ! ಕೊಯ್ಯುವ ಆಳುಗಳೇ ಇಲ್ಲ. ಕೆಲವರು ಊರು ಬಿಟ್ಟಿದ್ದಾರೆ, ಉಳಿದವರಿಗೆ ಸೊಂಟ ಬಾಗುವುದಿಲ್ಲ. ಬದುವಿನ ಮೇಲೆ ಗಂಡಸರು ಸಾಲಾಗಿ ಕೂತು ಮೊಬೈಲಿನಲ್ಲಿ ನಮ್ಮ ವಿಡಿಯೋ ಹಿಡಿದರು. ಒಬ್ಬನೂ ಕೆಳಗಿಳಿಯಲಿಲ್ಲ. ನನ್ನ ಅಂಗೈ ಬೊಬ್ಬೆ ಎದ್ದಿತು, ಬೆನ್ನು ಸೆಟೆಯಿತು. ಕೊಯ್ದದ್ದು ನೋಡಿದರೆ ಕಂಬಳಿಯ ಒಂದು ಅಂಚಿನಷ್ಟು. ಅತ್ತಿಗೆ ಮಾತ್ರ ತಲೆ ಎತ್ತದೆ ಸರಸರ ಮುಂದೆ ಹೋಗುತ್ತಿದ್ದಳು. ಸಿಟ್ಟಿನಲ್ಲಿ ಅಷ್ಟು ಚೆಂದ ಕೆಲಸ ಮಾಡುವವರನ್ನು ನಾನು ಕಂಡಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. 

ಅಣ್ಣ ನಾಲ್ಕು ಹಿಡಿ ಕೊಯ್ಯುವುದು, ನಿಲ್ಲುವುದು. ಜೇಬಿನಿಂದ ಮೊಬೈಲ್ ತೆಗೆಯುವುದು, ನೋಡುವುದು, ಇಡುವುದು.

ಮಧ್ಯಾಹ್ನ ಮೋಡ ಕಪ್ಪಾಯಿತು. ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಗುಡುಗಿನಂಥ ಸದ್ದು. ಗುಡುಗಲ್ಲ, ಮಷಿನ್ನು. ಮುಷ್ಕರ ಮುಗಿದು, ಬೆಳಿಗ್ಗೆಯೇ ಸಿಂಧನೂರಿಗೆ ಟ್ಯಾಂಕರ್ ಬಂದಿತ್ತು. ಬದುವಿನ ಮೇಲಿದ್ದವರೆಲ್ಲ ಹೋ ಎಂದು ಎದ್ದು ಓಡಿದರು. ನಮ್ಮ ಪಕ್ಕದ ಪಂಪಾಪತಿಯ ಗದ್ದೆಗೆ ಮಷಿನ್ ಇಳಿಯಿತು. ನಾವು ಬೆಳಗಿನಿಂದ ಕೊಯ್ದಷ್ಟನ್ನು ಅದು ನೋಡನೋಡುತ್ತಲೇ ನುಂಗಿತು. ಪಂಪಾಪತಿ ಅದರ ಮೇಲೆ ನಿಂತು ಕೂಗಿದ: "ನಿಂದೂ ಕೊಯ್ಸಲೇನವ್ವಾ? ಮಳಿ ಬಂದೈತಿ!"

ಅತ್ತಿಗೆ ತಿರುಗಿ ನೋಡಲಿಲ್ಲ. "ಸತ್ತರೂ ಇಲ್ಲ" ಎಂದಳು, ನನಗಷ್ಟೇ ಕೇಳುವಂತೆ.

ಆಗ ಅಣ್ಣನ ಮೊಬೈಲ್ ಬಡಕೊಂಡಿತು. ಇದ್ದ ಅರ್ಧ ಕಿವಿಗೆ ಕೇಳಬೇಕೆಂದರೆ ಅವನು ಸ್ಪೀಕರ್ ಹಾಕಲೇಬೇಕು. ಎದ್ದು ಬದುವಿಗೆ ಹೋದ. ಆದರೂ ಆ ದನಿ ಗದ್ದೆಗೆಲ್ಲ ಕೇಳಿತು. ಮುಂಬೈಯ ಗುತ್ತಿಗೆದಾರ. "ಅರೇ ಗದ್ದೆಪ್ಪಾ, ಕಿತನೀ ಬಾರ್ ಫೋನ್ ಕರೇಗಾ? ಹೋ ಗಯಾ ತೇರಾ ಕಾಮ್. ಆ ಜಾ!"

ಅತ್ತಿಗೆಗೆ ಹಿಂದಿ ಬರುವುದಿಲ್ಲ. ನನಗೆ ಅಷ್ಟಕ್ಕಷ್ಟೆ. ಪೀರ್‌ಬೀಯ ಮನೆಮಾತೇ ದಖನಿ, ಅವಳ ಕುಡುಗೋಲು ಗಕ್ಕನೆ ನಿಂತದ್ದನ್ನು ಇಬ್ಬರೂ ನೋಡಿದೆವು.

"ಏನಂದ ಅಂವ?" ಎಂದಳು ಅತ್ತಿಗೆ.

"ಏನಿಲ್ಲ ಬಿಡು. ಅವರದೇನೋ."

"ಪೀರ್‌ಬೀ, ನನ್ನ ಮುಖಾ ನೋಡಿ ಹೇಳು. ಏನಂದ? ಬರಬೇಕು, ಇಲ್ಲಂದ್ರ ಹಂಗ ಮಾಡ್ತೀನಿ ಹಿಂಗ ಮಾಡ್ತೀನಿ ಅಂತ ಅಂಜಸ್ತಾನೇನು? ಹೇಳು, ನಾನ ಮಾತಾಡ್ತೀನಿ ಅವನ ಕೂಡ."

ಪೀರ್‌ಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಜಸಾಕತ್ತಿಲ್ಲ ಪಾರ್ವತಿ. ಎಷ್ಟು ಸರ್ತಿ ಫೋನ್ ಮಾಡ್ತೀಯೋ ಮಾರಾಯಾ ಅಂತ ಬೈತಾನ. ನಿನ್ನ ಕೆಲಸ ಆಗೈತಿ, ಬಾ ಅಂತಾನ. ನಿನ್ನ ಗಂಡ ತಾನಾಗಿ ಕೆಲಸ ಕೇಳ್ಕೊಂಡಾನ."

ಅತ್ತಿಗೆ ಕುಡುಗೋಲು ಹಿಡಿದೇ ಬದುವಿಗೆ ಹೋದಳು. ನಾನು ಹಿಂದೆ ಓಡಿದೆ. ನಿಜ ಹೇಳುತ್ತೇನೆ, ಕಡಿದುಬಿಡುತ್ತಾಳೆ ಎಂದೇ ಹೆದರಿದೆ.

"ಯಾವಾಗಿಂದ ಕೇಳಾಕತ್ತಿ ನೀ?" ಅವಳು ಕೂಗಲಿಲ್ಲ. ಬಲಗಡೆಗೆ ಬಂದು ನಿಂತು ಕೇಳಿದಳು.

ಅಣ್ಣ ನೆಲ ನೋಡಿದ. "ಮಳಿಗಾಲದಿಂದ."

"ಯಾರು ಹೋಗಂದ್ರು? ಈ ಊರವ್ರು ಅಂದ್ರೇನು? ಪಂಪಾಪತಿ ಅಂದನೇನು?"

"ಯಾರೂ ಅಂದಿಲ್ಲ. ಊರ ಸಲುವಾಗೂ ಅಲ್ಲ, ನಿನ್ನ ಸಲುವಾಗೂ ಅಲ್ಲ. ನನಗ ಬೇಕು." ಒಮ್ಮೆ ಬಾಯಿ ಬಿಟ್ಟವನಿಗೆ ಆಮೇಲೆ ನಿಲ್ಲಿಸಲಾಗಲಿಲ್ಲ. "ಇಲ್ಲಿ ಎಲ್ಲಾ ಸುಮ್ಮಗಿರತೈತಿ, ತಲ್ಯಾಗ ಗುಂಯ್ ಅಂತೈತಿ. ಅಲ್ಲಿ ನೆಲಾನ ನಡುಗತಿರತೈತಿ, ಅದರ ಮ್ಯಾಲ ಮಲಗಿದ್ರ ನಿದ್ದಿ ಬರತೈತಿ. ಅಲ್ಲಿ ಬೆಂಕಿ ಐತಿ, ಗೊತ್ತು. ಆ ಹುಡುಗ ಸತ್ತಿದ್ದು ನಾ ಕಣ್ಣಾರೆ ನೋಡೀನಿ. ಆದ್ರೂ ಬೇಕು. ಬಿಡ್ತೀನಿ ಅಂತ ಮಾಡಿದೆ. ಆಗಲಿಲ್ಲ."

ನಾನು ಬಾಯಿ ತೆರೆದೆ. "ಆಣಿ ಮಾಡಿದ್ದಿ ಅಣ್ಣ! ನಾಚಿಕಿ ಬರಂಗಿಲ್ಲೇನು ನಿನಗ? ನಾವಿಲ್ಲಿ ಸೊಂಟ ಮುರಕೊಂಡು..."

"ಸುಮ್ಮಿರು ಭಾಗ್ಯಾ" ಎಂದಳು ಅತ್ತಿಗೆ.

ಮೊದಲ ಹನಿಗಳು ಬಿದ್ದವು, ದಪ್ಪ ದಪ್ಪ ಹನಿ. ಅವಳು ಒಂದು ಗಳಿಗೆ ಉಳಿದ ಭತ್ತವನ್ನು ನೋಡಿದಳು. ಆಮೇಲೆ ಪಕ್ಕದ ಗದ್ದೆಯ ಕಡೆ ತಿರುಗಿ, ಕೈ ಮೇಲೆತ್ತಿ, ಮಷಿನ್ನನ್ನು ಕರೆದಳು. "ಕೊಯ್ಯಾಕ ಹೇಳು ಅವಂಗ. ಬಾ ಅನ್ನು" ಎಂದಳು ನನಗೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮಷಿನ್ ಬಂತು. ಸುರಿಮಳೆ ಹಿಡಿಯುವುದರೊಳಗೆ ಎರಡೆಕರೆ ಬೋಳಾಯಿತು. ಭತ್ತ ಉಳಿಯಿತು. ಪ್ಲಾಸ್ಟಿಕ್ ತಾಡಪಾಲಿನಿಂದ ರಾಶಿ ಮುಚ್ಚುವಾಗ ಅದು ಯಾರ ಮನೆಯದೆಂದು ಅವಳು ಕೇಳಲಿಲ್ಲ.

ಅಣ್ಣ ಹೊರಟ ದಿನ ಬಸ್ ನಿಲ್ದಾಣಕ್ಕೆ ಊರೇ ಬಂದಿತ್ತು. ಅದಕ್ಕೆ ಮೊದಲು ಯಾವತ್ತೂ ಬಂದವರಲ್ಲ. ಪಂಪಾಪತಿ ಹೂವಿನ ಹಾರ ತಂದು ಅಣ್ಣನ ಕೊರಳಿಗೆ ಹಾಕಿ, ಭಾಷಣಕ್ಕೆ ನಿಂತ. "ನಮ್ಮ ಗದ್ದೆಪ್ಪ ಊರ ಸಲುವಾಗಿ ಹೊಂಟಾನ್ರಪಾ. ದೇಶದ ಸಲುವಾಗಿ..."

"ಮುಚ್ಚೋ ಬಾಯಿ!"

ಮೂಲೆಯಲ್ಲಿ ನಿಂತಿದ್ದ ಅತ್ತಿಗೆ ಜನರನ್ನು ನೂಕಿಕೊಂಡು ಮುಂದೆ ಬಂದಳು. "ನೀವು ಕಳಿಸಿದ್ರ ನಿಮ್ಮ ಕೂಡ ಹೊಡದಾಡಿ ಬಿಡಿಸಿಕೋತಿದ್ದೆ. ಹೊಟ್ಟಿ ಕಳಿಸಿದ್ರ ಉಪಾಸ ಬಿದ್ದರ ಇಟಗೋತಿದ್ದೆ. ಯಾರೂ ಕಳಿಸಿಲ್ಲ, ತಾನ ಹೊಂಟಾನ. ಇದರಾಗ ನಿಂದೇನೈತಿ? ತಗೀ ನಿನ್ನ ಹಾರ!" ಹಾರವನ್ನು ಕಿತ್ತು ಪಂಪಾಪತಿಯ ಎದೆಗೆ ಎಸೆದಳು. 

ಬಸ್ಸು ಬಂತು, ಅಣ್ಣ ಹತ್ತಿದ, ಹೋಯಿತು. ಅಲ್ಲಿಯವರೆಗೆ ತಡೆದುಕೊಂಡಿದ್ದ ನನ್ನ ಸಿಟ್ಟು ಅವಳ ಮೇಲೆಯೇ ಒಡೆಯಿತು.

"ಊರಿಗೆಲ್ಲ ಬೈತಿ, ಗಂಡನ ಮುಂದ ಸುಮ್ಮನಾದಿ. ಕಾಲು ಹಿಡದರ ನಿಲ್ಲಿಸಬೇಕಿತ್ತು. ಬಸ್ಸಿಗೆ ಅಡ್ಡ ಮಲಗಬೇಕಿತ್ತು. ನಾಳೆ ಏನರ ಆತಂದ್ರ?"

ಅವಳು ರಸ್ತೆಯನ್ನೇ ನೋಡುತ್ತಿದ್ದಳು.

"ಬಸ್ಸು ಹತ್ತುವಾಗ ಅವನ ಮುಖಾ ನೋಡಿದೇನು ಭಾಗ್ಯಾ?"

ನೋಡಿದ್ದೆ. ನಗುತ್ತಿದ್ದ.

"ಬ್ಯಾಸಿಗಿಯಿಂದ ನನ್ನ ಮನ್ಯಾಗಿದ್ದ" ಎಂದಳು ಪಾರ್ವತೆಮ್ಮ. "ಒಂದು ಸರ್ತಿಯರ ಹಂಗ ನಕ್ಕಿದ್ದನೇನು?"